ಕೆಳಗಿನ ಸಾಲಿನ ಎಂಟು

ನಮ್ಮ ಅತ್ತೆಯದು ತಗ್ಗಿನ ದನಿ. ಫೋನೆತ್ತಿ ಅವರು ಮಾತಾಡಿದರೆ ಆಚೆಯವರು "ಯಜಮಾನ್ರೇ" ಎಂದೇ ಶುರು ಮಾಡುತ್ತಾರೆ. ಮಾಂಬಳ್ಳಿಯ ಮದುವೆಮನೆಗಳಲ್ಲಿ ಆ ದನಿಯ ಸೋಬಾನೆ ಇಲ್ಲದೆ ಹಸೆಗೆ ಹೆಣ್ಣು ಕೂರುತ್ತಿರಲಿಲ್ಲ. ಯಳಂದೂರಿಗೆ ಬಂದು ನಮ್ಮ ಬೀದಿಯ ಭಜನೆ ಗುಂಪು ಸೇರಿದ ಮೇಲೆ ತಕರಾರು ಹುಟ್ಟಿತು. ಹೆಂಗಸರಿಗೆ ಇಷ್ಟು ಆಳ ಆಗುವುದಿಲ್ಲ, ಶ್ರುತಿ ಏರಿಸಿ ಎಂದು ಗುಂಪಿನ ಹಿರಿಯಕ್ಕ ಪಟ್ಟು ಹಿಡಿದರು. ಏರಿಸಿದರೆ ಅತ್ತೆಯ ಗಂಟಲು ಕಟ್ಟುತ್ತದೆ.

"ಏರ್ಸುದ್ರೆ ನಾ ಬರಕ್ಕಿಲ್ಲ ಕಣವ್ವ. ಮನೇಲೇ ಸೊಪ್ಪು ಬುಡುಸ್ಕಂಡು ಇರ್ತೀನಿ" ಅಂದರು. ಆಮೇಲೆ ಎರಡು ದಿನ ಗುನುಗಲೂ ಇಲ್ಲ.

ನಾನು ಶಾಲೆಯಲ್ಲಿ ಸಂಗೀತ ಕಲಿಸುವವಳು, ಮೂಗಿನ ತುದಿಯಲ್ಲೇ ಸಿಟ್ಟು. ಕೊಳ್ಳೇಗಾಲದಲ್ಲಿ ನಮ್ಮ ಗುಂಪಿನ ಕಾರ್ಯಕ್ರಮಕ್ಕೆ ಕೀಬೋರ್ಡ್ ನುಡಿಸಲಿದ್ದ ಹನೂರಿನವರು ಬ್ಯಾಂಡ್‌ಸೆಟ್ಟಿನಲ್ಲಿ ಐದು ಗೆರೆಯ ನೊಟೇಶನ್ ಕಲಿತವರು, ಹಾಡನ್ನು ಹಾಗೇ ಬರೆದುಕೊಡಿ ಎಂದಿದ್ದರು. ಅತ್ತೆಯ ಶ್ರುತಿಯಲ್ಲೇ ಬರೆಯುತ್ತೇನೆ, ಯಾರು ಏನು ಮಾಡುತ್ತಾರೋ ನೋಡೋಣ ಎಂದು ಲ್ಯಾಪ್‌ಟಾಪ್ ತೆರೆದೆ.

ಹಾಡಿನ ಎರಡನೇ ಸಾಲು ಪಾತಾಳಕ್ಕಿಳಿಯುತ್ತದೆ. ನಾನು ಸ್ವರದ ಅಕ್ಷರ ಒತ್ತಿದರೆ ನೊಟೇಶನ್ ಸಾಫ್ಟ್‌ವೇರು ಅದನ್ನು ಹಿಂದಿನ ಸ್ವರಕ್ಕೆ ಹತ್ತಿರವಾಗಿ ಮೇಲೆ ಕೂರಿಸುತ್ತದೆ. ನಾನು ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿ ಒಂದು ಸ್ಥಾಯಿ ಇಳಿಸುತ್ತೇನೆ. ಹೀಗೆ ಇಳಿದ ಸ್ವರಗಳಿಗೆ ಐದು ಗೆರೆ ಸಾಲದೆ, ಕೆಳಗೆ ಪುಟ್ಟ ಗೆರೆಗಳು ಏಣಿಯ ಮೆಟ್ಟಿಲಿನಂತೆ ಬೆಳೆದವು. ಹೆಣ್ಣುದನಿ ಎಂದು ಆರಿಸಿದ್ದೆನಲ್ಲ, ಆ ದನಿಯ ಮಿತಿ ಮೀರಿದವೆಂದು ಅವೆಲ್ಲ ಕೆಂಪಗೂ ಆದವು.

"ತಪ್ಪಾಗದಾ?" ಎಂದು ಅತ್ತೆ ಹಿಂದಿನಿಂದ ಇಣುಕಿದರು.

"ತಪ್ಪೇನಿಲ್ಲ ಅತ್ತೆ. ಇದುಕ್ಕೆ ನಿಮ್ಮಂತೋರು ಗೊತ್ತಿಲ್ಲ."

ಏಣಿ ಓದುವುದು ಕಷ್ಟ ಎಂದು ಆ ಸಾಲನ್ನು ಒಂದು ಸ್ಥಾಯಿ ಮೇಲೆ ಬರೆದು, ಕೆಳಗೆ '8' ಅಂಕಿ ಹಾಕಿ ಚುಕ್ಕೆಗೆರೆ ಎಳೆದೆ. ಬರೆದಿದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಸಿ ಎಂದು ಅದರ ಅರ್ಥ. ಪ್ರಿಂಟು ತೆಗೆದು ಎಲ್ಲರಿಗೂ ಹಂಚಿದೆ. ಅತ್ತೆಯನ್ನು ಕೈಹಿಡಿದು ಗುಂಪಿನ ಅಭ್ಯಾಸಕ್ಕೆ ಕರೆದುಕೊಂಡು ಹೋದೆ.

ನಮ್ಮ ಹೆಂಗಸರು ಗೆರೆಗಳನ್ನು ನೋಡುವವರಲ್ಲ, ಅಡಿಯಲ್ಲಿರುವ ಹಾಡಿನ ಮಾತು ನೋಡುತ್ತಾರೆ. ಅವರ ಭಜನೆ ಪುಸ್ತಕದಲ್ಲಿ ಸಾಲಿನ ಪಕ್ಕ ಅಂಕಿ ಇದ್ದರೆ ಅಷ್ಟು ಸಲ ಹಾಡಬೇಕು ಎಂದರ್ಥ. ಇದು ನನಗೆ ಹೊಳೆದದ್ದು ಎರಡನೇ ಸಾಲನ್ನು ಮೂರನೇ ಸಲ ಎತ್ತಿಕೊಂಡಾಗ. ಅಷ್ಟರಲ್ಲಿ ಆಳಕ್ಕೆ ಇಳಿಯಲಾರದೆ ಒಬ್ಬೊಬ್ಬರೇ ದನಿ ಬಿಟ್ಟರು. ಐದನೇ ಸಲಕ್ಕೆ ಉಳಿದದ್ದು ಕೀಬೋರ್ಡು ಮತ್ತು ಅತ್ತೆ. ಅತ್ತೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, ಲೆಕ್ಕ ತಪ್ಪದೆ ಎಂಟೂ ಸಲ ಹಾಡಿದರು. ನನ್ನ ಕಣ್ಣು ತುಂಬಿತು, ನಗುವೂ ಬಂತು.

ಮುಗಿದ ಮೇಲೆ ತಪ್ಪೊಪ್ಪಿಕೊಂಡೆ. "ಎಂಟು ಅಂದ್ರೆ ಎಂಟು ಸಲ ಅಲ್ಲ ಅಕ್ಕ, ನಾನು ಮೊದ್ಲೇ ಹೇಳ್ಬೇಕಿತ್ತು."

"ಗೊತ್ತು ಬುಡು ಟೀಚರೇ" ಎಂದರು ಹಿರಿಯಕ್ಕ. "ನಾಕ್ನೇ ಸಲಕ್ಕೇ ಕೀಬೋರ್ಡ್ನೋರು ಕಿವೀಲಿ ಯೋಳುದ್ರು. ನಾನೇ ಸುಮ್ಕಿರಿ ಅಂದೆ. ಕೇಳ್ಬೇಕು ಅನ್ಸ್ತು."

ಹನೂರಿನವರು ಶ್ರುತಿ ಏರಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದರು, "ಏರಿಸ್ಲಾ ಅಕ್ಕ?"

"ಬ್ಯಾಡ" ಎಂದು ಅತ್ತೆಯ ಪಕ್ಕಕ್ಕೆ ಸರಿದು ಕೂತರು ಹಿರಿಯಕ್ಕ. "ನಾವೇ ಇಳೀತೀವಿ."