ಅಜ್ಜನಿಗೆ ಹೇಳಿಕೊಂಡ ಬಾಟಲಿ

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿದವರೇ ಸಂಜೀವಣ್ಣ ಕಪಾಟಿನಿಂದ ಒಂದು ವಿಸ್ಕಿ ಬಾಟಲಿ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದರು. ಬಹ್ರೈನಿನ ಸೆಗಯಾದ ನಮ್ಮ ಕಟ್ಟಡದಲ್ಲಿ ಈ ದರ್ಶನ ಪಡೆಯದವರೇ ಇರಲಿಲ್ಲ. ತೀರ್ಥ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ.

ಕಾರ್ಕಳ ಕಡೆಯ ಈ ವೆಲ್ಡರಿಗೆ ಅದನ್ನು ಕೊಟ್ಟುಹೋದದ್ದು ಅವರ ಸ್ಕಾಟ್ಲೆಂಡಿನ ಫೋರ್‌ಮನ್. ಆ ದೇಶದ ತಗ್ಗುನಾಡಿನಲ್ಲಿ ತಯಾರಾಗಿ, ಮೂವತ್ತು ವರ್ಷ ಮರದ ಪೀಪಾಯಿಯಲ್ಲಿ ಮಲಗಿದ್ದ ಸಿಂಗಲ್ ಮಾಲ್ಟ್ ಅದು.

"ಮಾಡುವ ಫ್ಯಾಕ್ಟರಿಯೇ ಬಾಗಿಲು ಹಾಕಿ ಆಯ್ತು ಮಾರಾಯ್ರೆ. ಇನ್ನು ರಾಜ ಕೇಳಿದ್ರೂ ಇಲ್ಲ. ಹುಲ್ಲಿನ ಪರಿಮಳ, ಹೂವಿನ ಪರಿಮಳ ಎಲ್ಲ ಉಂಟು ಇದ್ರಲ್ಲಿ."

ಮುಚ್ಚಳ ತೆಗೆಯದೆಯೇ ಪರಿಮಳ ಹೇಳುವ ಅವರ ಮೂಗಿನ ಬಗ್ಗೆ ನಾವು ನಗುತ್ತಿದ್ದೆವು. ತೆಗೆಯುವುದು ಯಾವಾಗ ಎಂದರೆ, "ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವ ದಿನ. ಒಂದೊಂದೇ ಗುಟುಕು, ನಾಲಗೆಯಲ್ಲಿ ಉರುಳಿಸಿ ಉರುಳಿಸಿ," ಎಂದು ಕಣ್ಣು ಮುಚ್ಚುತ್ತಿದ್ದರು.

ಒಮ್ಮೆ ಈದ್‌ಗೆ ಮುಂಚಿನ ಸಂಜೆ ಮನಾಮಾದ ಸೂಕ್ ಪೇಟೆಯ ಜನಜಂಗುಳಿಯಲ್ಲಿ ನನ್ನ ಐದು ವರ್ಷದ ಮಗಳು ಅನ್ವಿ ಕೈತಪ್ಪಿಹೋದಳು. ಹೆಂಡತಿ ಒಂದು ಗಲ್ಲಿ, ನಾನೊಂದು ಗಲ್ಲಿ ಓಡಿದೆವು. ಜೊತೆಗಿದ್ದ ಸಂಜೀವಣ್ಣ ರಸ್ತೆ ಮಧ್ಯದಲ್ಲೇ ಕೈಮುಗಿದು ನಿಂತರು. ಏನಾದರೂ ಕಳೆದುಹೋದರೆ ಕೊರಗಜ್ಜ ದೈವಕ್ಕೆ ಕಳ್ಳು, ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುವುದು ನಮ್ಮ ಕಡೆಯ ಕ್ರಮ.

"ಸ್ವಾಮಿ ಅಜ್ಜಾ, ಮಗು ಸಿಕ್ಲಿ. ಕಪಾಟಿನ ಬಾಟಲಿ ನಿಮ್ಗೇ!"

ಮಗು ಸಿಕ್ಕಿತು. ರೊಟ್ಟಿ ಅಂಗಡಿಯವನು ಹಿಟ್ಟಿನ ಚೀಲದ ಮೇಲೆ ಕೂರಿಸಿ ಬಿಸಿ ಖುಬೂಸ್ ಕೊಟ್ಟಿದ್ದ. ನಮ್ಮನ್ನು ಕಂಡು ಅವಳು ಅಳಲೂ ಇಲ್ಲ.

ಮರುದಿನ ಸಂಜೀವಣ್ಣನ ಬಾಲ್ಕನಿಯಲ್ಲಿ ಬಾಳೆಲೆ ಬಿತ್ತು. ಕೆಳಗಿನ ಅಂಗಡಿಯ ಹಮೀದ್ ಬ್ಯಾರಿ, "ನಾನು ಕುಡಿಯುವವ ಅಲ್ಲ, ಚಕ್ಕುಲಿ ನನ್ನ ವತಿಯಿಂದ ಇರ್ಲಿ," ಎಂದು ಪೊಟ್ಟಣ ತಂದಿಟ್ಟರು. ನನಗೋ ಸಂಕಟ.

"ಅಜ್ಜ ಕೇಳುವುದು ಕಳ್ಳಲ್ವಾ ಸಂಜೀವಣ್ಣ? ಒಂದು ಬಿಯರ್ ಇಟ್ರೆ ಸಾಲದಾ?"

ಅವರಿಗೆ ಸಿಟ್ಟೇ ಬಂತು. "ಕಳೆದುಹೋದದ್ದು ಎಂಥದು, ಕೊಡೆಯಾ?"

ಮುಚ್ಚಳ ಕಿರುಗುಟ್ಟಿತು. ಅಜ್ಜನಿಗೆ ಬಡಿಸಿದ ಮೇಲೆ ಪ್ರಸಾದ ಚಹಾದ ಗ್ಲಾಸುಗಳಲ್ಲಿ ಇಡೀ ಕಟ್ಟಡಕ್ಕೆ ಹಂಚಿಹೋಯಿತು. ಸಂಜೀವಣ್ಣ ಅನ್ವಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ತಮ್ಮ ಪಾಲನ್ನು ಒಂದೇ ಏಟಿಗೆ ಗಂಟಲಿಗೆ ಸುರಿದು, "ಓ..." ಎಂದು ಕೂಗು ಹಾಕಿ ಕುಣಿದರು. ಅಷ್ಟು ಸಂತೋಷದ ಸಂಜೆಯನ್ನು ಬಹ್ರೈನಿನಲ್ಲಿ ನಾನು ಮತ್ತೆ ಕಂಡಿಲ್ಲ.

ವರ್ಷಗಳು ಕಳೆದು ಅವರು ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಡಲು ಹೋಗಿದ್ದೆವು. ಆಮೇಲೆ ಅವರನ್ನು ನೋಡುವ ಯೋಗ ನಮಗೆ ಬರಲೇ ಇಲ್ಲ. ನನ್ನ ಹೆಗಲೆತ್ತರಕ್ಕೆ ಬೆಳೆದಿದ್ದ ಅನ್ವಿ ಅಂದು ಅವರನ್ನು ಕೇಳಿದಳು:

"ಅಂಕಲ್, ನಂಗೋಸ್ಕರ ಓಪನ್ ಮಾಡಿದ ವಿಸ್ಕಿ ಹೇಗಿತ್ತು? ವಾಸ್ ಇಟ್ ಗುಡ್?"

ಸಂಜೀವಣ್ಣ ಟ್ರಾಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಬಾಯೊಳಗೆ ನಾಲಗೆ ಉರುಳಿಸಿ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ನೀನು ಸಿಕ್ಕಿದ ಖುಷಿಯಲ್ಲಿ ಕುಡಿದದ್ದಲ್ವಾ ಮಗಾ, ರುಚಿ ನೋಡ್ಲಿಕ್ಕೇ ಮರ್ತುಹೋಯ್ತು."