ಮಜ್ಜಿಗೆಯಲ್ಲಿ ನೆನೆದ ರೊಟ್ಟಿ

ನಮ್ಮ ಮನೆಯಲ್ಲಿ ಕಟಕ ರೊಟ್ಟಿ ಮುರಿಯುವ ಸದ್ದಾದರೆ, ಊಟಕ್ಕೆ ಕುಳಿತಿದ್ದಾರೆಂದು ಬಾಜೂ ಮನೆಯವರಿಗೂ ತಿಳಿಯುತ್ತಿತ್ತು. ಆ ಸದ್ದಿನ ನಡುವೆ ನಾನೊಬ್ಬಳೇ ಸದ್ದಿಲ್ಲದೆ ಉಣ್ಣುತ್ತಿದ್ದೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ, ಮೆತ್ತಗಾಗುವವರೆಗೆ ಕಾದು, ಎಡಗಡೆಯಿಂದಷ್ಟೇ ಅಗಿಯುತ್ತಿದ್ದೆ. “ನಮ್ಮನ್ಯಾಗ ಒಂದು ಹಲ್ಲಿಲ್ಲದ ಮುದುಕಿ ಹುಟ್ಟೇತಿ ನೋಡ್ರಿ” ಎಂದು ಅಣ್ಣ ಕಾಡುತ್ತಿದ್ದ. ನಾನೂ ನಗುತ್ತಿದ್ದೆ. ಬಲಗಡೆಯ ಮೇಲಿನ ದವಡೆ ಹಲ್ಲು ಹುಳುಕಾಗಿದೆ ಎಂದು ಯಾರಿಗೂ ಹೇಳಿರಲಿಲ್ಲ.

ಹೇಳಲು ಹೆದರಿಕೆ. ಮೊರಬದ ನಮ್ಮ ಓಣಿಯಲ್ಲಿ ಹಲ್ಲಿನ ಡಾಕ್ಟರನ್ನು ಕಂಡವರು ಕಡಿಮೆ. ಅವರ ಹೆಸರು ಹೇಳಿ ಮಕ್ಕಳನ್ನು ಸುಮ್ಮನಾಗಿಸದ ಮನೆ ಮಾತ್ರ ಇರಲಿಲ್ಲ. “ಸುಮ್ನ ಕುಂದರ್ತಿಯೋ, ಹುಬ್ಬಳ್ಳಿಗೆ ಒಯ್ದು ಹಲ್ಲ ಕೀಳಸ್ಲೋ?” ಎಂದು ನಮ್ಮಾಯಿ, ಅಂದರೆ ಅಪ್ಪನ ತಾಯಿ, ಗದರುತ್ತಿದ್ದಳು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತವೆ ಎಂಬ ಮಾತು ಬೇರೆ. ಓದುವ ಹುಚ್ಚಿದ್ದ ನನಗೆ ಕಣ್ಣು ಹೋಗುವುದೆಂದರೆ ಎಲ್ಲವೂ ಹೋದಂತೆ. ನೋವು ಹೆಚ್ಚಾದಾಗ ಲವಂಗ ಕಚ್ಚಿಕೊಂಡು ದನದ ಕೊಟ್ಟಿಗೆಯ ಹಿಂದೆ ಹೋಗಿ ಕೂರುತ್ತಿದ್ದೆ. ಓಣಿಯಲ್ಲಿ ಓರಗೆಯವರು ಆಡುವ ಗದ್ದಲ ಅಲ್ಲಿಗೂ ಕೇಳುತ್ತಿತ್ತು.

ಡಿಗ್ರಿ ಓದುವಾಗ ಆ ಹಲ್ಲು ಚೂರುಚೂರಾಗಿ ಉದುರಿತು. ಉಳಿದ ಬೇರಿಗೆ ಕೀವು ತುಂಬಿದಾಗ ಧಾರವಾಡದಲ್ಲಿ ಒಬ್ಬಳೇ ಹೋಗಿ ತೆಗೆಸಿದೆ. ಕಣ್ಣಿಗೆ ಏನೂ ಆಗಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ಈಗ ನವಲಗುಂದದಲ್ಲಿ ಕೋಣೆ ಹಿಡಿದು ಒಬ್ಬಳೇ ಇದ್ದೇನೆ, ಶಾಲೆಯಲ್ಲಿ ಕಲಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ, ಅಣ್ಣನ ಮಗಳು ಊಟಕ್ಕೆ ಕುಳಿತು ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ಕಾಯುತ್ತಿದ್ದಳು. ನನ್ನ ತುತ್ತು ಕೈಯಲ್ಲೇ ಉಳಿಯಿತು.

“ಬಾಯಿ ತಗಿ ಬಂಗಾರಾ, ನೋಡ್ತೇನಿ.”

“ಏನಿಲ್ಲ ಬಿಡ ಅತ್ತಿ.” ತುಟಿ ಬಿಗಿದುಕೊಂಡಳು. ಕೆನ್ನೆ ಮುಟ್ಟಿದೆ. ಮೇಲಿನ ದವಡೆಯ ಕಡೆ ಬೆಚ್ಚಗೆ ಊದಿತ್ತು.

“ಮ್ಯಾಲಿನ ಹಲ್ಲಿಗೆ ಕೈ ಹಚ್ಚಬ್ಯಾಡ,” ಎಂದಳು ಅವ್ವ. “ಕಣ್ಣ ಹೋಗತಾವ.”

“ನಂದೂ ತಗಸೇನಲ್ಲವ್ವಾ. ಹೋದವೇನು?”

“ಮತ್ತ ಚಷ್ಮಾ ಯಾಕ ಬಂತು?”

“ಓದಿ ಬಂತು.”

“ಅದನ್ನೂ ಬ್ಯಾಡಂತನ ಹೇಳಿದ್ವಿ!”

ಎಲ್ಲರೂ ನಕ್ಕರು. ಆ ಮನೆಯಲ್ಲಿ ನನ್ನ ಓದಿಗೆ ಮರ್ಯಾದೆ ಇದೆ, ನನ್ನ ಮಾತಿಗೆ ಇಲ್ಲ. ಮರುದಿನ ಬೆಳಿಗ್ಗೆ ವೈನಿ, ಹುಡುಗಿಯ ತಾಯಿ, ಯಾರಿಗೂ ಹೇಳದೆ ಮಗಳ ತಲೆ ಬಾಚಿ ನನ್ನ ಮುಂದೆ ತಂದು ನಿಲ್ಲಿಸಿದರು. “ಕರ್ಕೊಂಡ ಹೋಗ್ರಿ. ನಿಮ್ಮ ಅವ್ವಾರಿಗೆ ನಾ ಹೇಳ್ತೇನಿ.”

ಹುಬ್ಬಳ್ಳಿಯ ದವಾಖಾನೆಯಲ್ಲಿ ಹುಡುಗಿ ಬಾಗಿಲ ಚೌಕಟ್ಟು ಹಿಡಿದವಳು ಬಿಡಲಿಲ್ಲ. “ಕಣ್ಣ ಹೋದ್ರ ನಾ ಸಾಲಿಗೆ ಹೆಂಗ ಹೋಗ್ಲಿ ಅತ್ತಿ?” ನಾನು ಯಾರನ್ನೂ ಕೇಳದ ಪ್ರಶ್ನೆ ಅದು. ಏನು ಹೇಳಿದರೂ ನಂಬುವಂತಿರಲಿಲ್ಲ. ನಾನೇ ಡಾಕ್ಟರಮ್ಮನ ಕುರ್ಚಿಯ ಮೇಲೆ ಒರಗಿ ಬಾಯಿ ತೆರೆದೆ. ನಗುವಾಗಲೂ ಮುಚ್ಚಿಟ್ಟುಕೊಂಡು ಬಂದ ಜಾಗ ಅದು. ಹುಡುಗಿ ಮೆಲ್ಲಗೆ ಬಂದು ಬಗ್ಗಿ ನೋಡಿದಳು.

“ಇಲ್ಲೇ ಖಾಲಿ ಐತಿ.”

“ಹೂಂ. ಹೇಳಲಾರ್ದ ಕುಂತೆ, ಹೋತು.”

“ಚಷ್ಮಾ ತಗಿ. ನಾ ಕಾಣ್ತೇನಿ?”

“ಮೂಗಿನ ಮ್ಯಾಲ ಹಚ್ಚಿಕೊಂಡ ಸುಂಬಳಾನೂ ಕಾಣತೈತಿ.”

ಡಾಕ್ಟರಮ್ಮ ನಕ್ಕರು. “ಬಾರವಾ, ಇವತ್ತ ಬರೇ ಕನ್ನಡಿಲೆ ನೋಡ್ತೇನಿ.” ಮೂಗು ಒರೆಸಿಕೊಂಡು ಹುಡುಗಿ ಕುರ್ಚಿ ಹತ್ತಿದಳು. ನೋಡಿ ಮುಗಿಸಿದ ಡಾಕ್ಟರು ನನಗೆ ಹೇಳಿದರು: “ಇದು ಹಾಲಹಲ್ಲಲ್ಲರಿ, ಬಿದ್ರ ಮತ್ತ ಬರೂದಿಲ್ಲ. ಆದ್ರ ಉಳಸಬಹುದು.” ಮತ್ತೆ ಮತ್ತೆ ಹೋಗಬೇಕಾಯಿತು. ಪ್ರತಿ ಸಲವೂ ಅತ್ತಳು, ಪ್ರತಿ ಸಲವೂ ಹತ್ತಿದಳು.

ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ, ನಾನು ಕೋಣೆಯಲ್ಲಿ ಊಟಕ್ಕೆ ಕುಳಿತಾಗ ಫೋನು ಬಂತು. “ಅತ್ತಿ, ಕೇಳಿಲ್ಲೆ” ಎಂದಳು. ಕಟ್ ಎಂದು ರೊಟ್ಟಿ ಮುರಿದ ಸದ್ದು. ಅದರ ಹಿಂದೆ ಅಣ್ಣನದು, ಅವ್ವನದು, ಮನೆಯವರೆಲ್ಲರದು.

“ಕೇಳಿಸ್ತೇನು?”

“ಕೇಳಿಸ್ತವಾ.”

ಗೆಳತಿ ಕರೆದಳೆಂದು ಫೋನಿಟ್ಟು ಓಡಿದಳು. ನನ್ನ ತಟ್ಟೆಯಲ್ಲಿ ರೊಟ್ಟಿ ಮಜ್ಜಿಗೆಯಲ್ಲಿ ನೆನೆಯುತ್ತಿತ್ತು. ಮೆತ್ತಗಾಗುವವರೆಗೆ ಕಾದೆ.