ಒದ್ದೆ ಬಟ್ಟೆಯ ಲೆಕ್ಕ

ನಾನು ಮಾರುವುದು ಸೋಪಿನ ಪುಡಿ. ಜನ ಬಟ್ಟೆ ಕೊಳೆ ಮಾಡಿಕೊಳ್ಳುವುದನ್ನು ಬಿಡುವ ತನಕ ನಮ್ಮ ಮನೆಯ ಒಲೆಗೆ ಭಯವಿಲ್ಲ. ಚಿಕ್ಕ ಊರು, ಬಂದರಿನ ಊರು, ದೊಡ್ಡ ಊರು ಎಂದು ಮೂರು ಕಡೆಯ ಲಾಂಡ್ರಿಗಳಿಗೆ ಮೂಟೆ ಹಾಕುತ್ತೇನೆ. ಅದಕ್ಕೇ ಚಿಕ್ಕ ಊರಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದ ತಕ್ಕಡಿ ನನ್ನನ್ನು ಕಂಡ ಕೂಡಲೇ ತೊಟ್ಟಿ ಬಿಟ್ಟು ಓಡಿ ಬರುತ್ತಿದ್ದ. ನನ್ನ ಮೇಲಿನ ಪ್ರೀತಿಯಿಂದಲ್ಲ, ಬೇರೆ ಊರಿನ ಕೂಲಿಯ ಸುದ್ದಿಗಾಗಿ.

ತಕ್ಕಡಿ ಎಂಬುದು ಜೊತೆಯವರು ಇಟ್ಟ ಹೆಸರು. ಆ ಲಾಂಡ್ರಿಯಲ್ಲಿ ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟು ಒಗೆಯುತ್ತಿದ್ದರು. ತೊಟ್ಟಿಯಿಂದ ಒಂದು ಹೊರೆ ಮೇಲೆತ್ತಿದರೆ ಸಾಕು, ಇಷ್ಟು ಕಿಲೋ ಎಂದು ಅವನು ಹೇಳಿಬಿಡುತ್ತಿದ್ದ. ಟೀ ಪಣಕ್ಕಿಟ್ಟು ಕಾಟಾದ ಮೇಲೆ ತೂಗಿ ನೋಡುತ್ತಿದ್ದರು. ಅವನು ಸೋತು ಟೀ ಕುಡಿಸಿದ್ದನ್ನು ನಾನಂತೂ ಕಂಡಿಲ್ಲ.

ಅವನ ಹೆಂಡತಿಯದು ಅಲ್ಲೇ ಬಟ್ಟೆ ಮಡಿಸುವ ಕೆಲಸ. ಹೋಟೆಲಿನ ದೊಡ್ಡ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು ಜಗ್ಗಬೇಕು. ಆಮೇಲೆ ಒಬ್ಬರು ನಡೆದು ಬಂದು ತಮ್ಮ ಮೂಲೆಗಳನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಸಂಜೆ ತೊಟ್ಟಿಯ ಕೆಲಸ ಮುಗಿಸಿ ತಕ್ಕಡಿ ಅವಳೆದುರು ಬಂದು ನಿಲ್ಲುತ್ತಿದ್ದ. ಒದ್ದೆ ಬಟ್ಟೆ ಅವನಿಗೆ ದುಡಿಮೆ, ಒಣಗಿದ್ದು ಆಟ.

"ರೀ, ಮೆಲ್ಲಗೆ ಎಳೀರಿ. ನನ್ನನ್ನೂ ಸೇರಿಸಿ ಮಡಿಸಿಬಿಡ್ತೀರಾ?"

"ಮಡಿಸಿ ಜೇಬಲ್ಲಿ ಇಟ್ಕೋತೀನಿ ಕಣೇ. ನಿನ್ನ ಇಟ್ಕೊಳ್ಳೋಕೆ ಬೇರೆ ಜಾಗ ಎಲ್ಲಿದೆ?"

ಅದು ಬರೀ ತಮಾಷೆಯಲ್ಲ. ಇದ್ದ ರೂಮಿನ ಬಾಡಿಗೆ ಏರಿ, ಬಿಟ್ಟುಕೊಟ್ಟು ವರ್ಷವಾಗಿತ್ತು. ಅವನು ಲಾಂಡ್ರಿಯ ಗೋದಾಮಿನಲ್ಲಿ ಮಲಗುತ್ತಿದ್ದ. ಅವಳು ಪುಟ್ಟ ಮಗಳನ್ನು ಕಟ್ಟಿಕೊಂಡು ತನ್ನ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿದ್ದಳು. ಮೂವರೂ ಒಂದೇ ಸೂರಿನಡಿ ಮಲಗಬೇಕು ಎಂಬುದು ತಕ್ಕಡಿಯ ಆಸೆ. ಅರಮನೆಯನ್ನೇನೂ ಕೇಳಿರಲಿಲ್ಲ ಪಾಪ.

"ಬಂದರಿನ ಊರಲ್ಲಿ ಹೇಗೆ ಸಾಹುಕಾರ್ರೇ?"

"ಕೂಲಿ ಇಲ್ಲಿಗಿಂತ ಒಂದೂವರೆ ಪಟ್ಟು."

"ರೂಮು?"

"ಎರಡು ಪಟ್ಟು."

"ಹಾಗಾದ್ರೆ ಅಲ್ಲಿ ಜಾಸ್ತಿ ದುಡೀಬಹುದು, ಮಲಗೋ ಹಾಗಿಲ್ಲ ಅನ್ನಿ."

ಅವನು ಊರುಗಳನ್ನು ಅಳೆಯುತ್ತಿದ್ದದ್ದು ರೂಪಾಯಿಯಲ್ಲಲ್ಲ, ಶೀಟುಗಳಲ್ಲಿ. ಆ ಊರಿನ ರೂಮಿಗೆ ಎಷ್ಟು ಶೀಟು ಒಗೆಯಬೇಕು, ಅಕ್ಕಿಗೆ ಎಷ್ಟು, ಬಸ್ಸಿಗೆ ಎಷ್ಟು, ಮಗಳ ಶಾಲೆಗೆ ಎಷ್ಟು. ಹೀಗೆ ಕಳೆಯುತ್ತಾ ಹೋದರೆ ಯಾವ ಊರಲ್ಲೂ ಕೊನೆಗೆ ಒಂದು ದಿಂಬಿನ ಗವಸೂ ಮಿಗುತ್ತಿರಲಿಲ್ಲ. ನಾನು ಅಕ್ಕಿಯ ಬೆಲೆ ಒಂದು ರೂಪಾಯಿ ತಗ್ಗಿಸಿ ಹೇಳಿದರೂ ಅವನ ಕಣ್ಣು ಬೆಳಗುತ್ತಿತ್ತು. ಅದಕ್ಕೇ ಸರಿಯಾದ ಬೆಲೆಯನ್ನೇ ಹೇಳುತ್ತಿದ್ದೆ.

ಅಷ್ಟರಲ್ಲಿ ಅವಳ ಅಣ್ಣ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುವ ಮಾತು ತೆಗೆದ. "ತಂಗೀನ ಹೋಗು ಅಂತೀನಾ? ಬಾಡಿಗೆಯವನು ತಿಂಗಳ ಕೊನೆಗೆ ಬರ್ತಾನೆ ಅಂತೀನಿ ಅಷ್ಟೇ" ಎಂದನಂತೆ. ವ್ಯಾಪಾರಕ್ಕೆ ಬಂದಿದ್ದರೆ ಮುಂದೆ ಬರುತ್ತಿದ್ದ ಮನುಷ್ಯ.

ಅದೇ ವಾರ ದೊಡ್ಡ ಊರಿನ ಲಾಂಡ್ರಿಯಿಂದ ಮೇಸ್ತ್ರಿಯೊಬ್ಬ ಆಳು ಹುಡುಕಿಕೊಂಡು ಬಂದ. ಅಲ್ಲಿ ಕೂಲಿ ಶೀಟಿನ ಲೆಕ್ಕದಲ್ಲಿ ಅಲ್ಲ, ಕಿಲೋ ಲೆಕ್ಕದಲ್ಲಿ. ಕಿಲೋಗೆ ಎಷ್ಟು ಎಂದು ಕೇಳಿದ ತಕ್ಕಡಿ ತೊಟ್ಟಿಗೆ ಕೈ ಹಾಕಿ ಒಂದು ಹೊರೆ ಎತ್ತಿದ. ನೀರು ಸುರಿಯುತ್ತಿತ್ತು. ಕಣ್ಣು ಮುಚ್ಚಿ ತೂಗಿದ, ಮನಸ್ಸಿನಲ್ಲೇ ದಿನಕ್ಕೆ ಗುಣಿಸಿದ, ರೂಮು ಕಳೆದ, ಅಕ್ಕಿ ಕಳೆದ, ಬಸ್ಸು ಕಳೆದ.

"ಮಿಗುತ್ತೆ ಕಣೇ!" ಎಂದು ಹೆಂಡತಿಯನ್ನು ಕೂಗಿದ. "ಕಿಟಕಿ ಇರೋ ರೂಮೇ ಹಿಡೀಬಹುದು."

"ಕಿಟಕಿ ಆಮೇಲೆ. ಮೊದ್ಲು ಬಾಗಿಲು ಇರೋದು ನೋಡ್ರಿ."

ಬಟ್ಟೆಯನ್ನು ಯಾವಾಗ ತೂಗುತ್ತೀರಿ ಎಂದು ಅವನು ಕೇಳಲಿಲ್ಲ. ಅವನ ತೋಳಿಗೆ ಗೊತ್ತಿದ್ದದ್ದು ಒದ್ದೆ ಬಟ್ಟೆಯ ತೂಕ ಒಂದೇ.

ಮೊದಲು ಅವನೊಬ್ಬನೇ ಹೋದ, ಸಂಬಳ ಕೈಗೆ ಬಂದ ಮೇಲೆ ಹೆಂಡತಿ, ಮಗಳು ಬರುವುದೆಂದು ಮಾತಾಗಿತ್ತು. ದೊಡ್ಡ ಊರಿನಲ್ಲಿ ಅವನ ಮೊದಲ ಸಂಬಳದ ದಿನ ನಾನು ಬಾಕಿ ವಸೂಲಿಗೆ ಅಲ್ಲೇ ಕೂತಿದ್ದೆ. ಗುಮಾಸ್ತ ಎಣಿಸಿ ಕೊಟ್ಟದ್ದನ್ನು ತಕ್ಕಡಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಅರ್ಧಾನೇ ಇದೆ ಸಾರ್. ನಾನು ಎತ್ತಿದ್ದು ಇದರ ಎರಡರಷ್ಟು."

"ಮಿಷನ್ನಲ್ಲಿ ಒಣಗಿ ಹೊರಗೆ ಬಂದ ಮೇಲೆ ತೂಗೋದು. ನೀರಿಗೂ ಕೂಲಿ ಕೊಡ್ಬೇಕೇನಯ್ಯಾ?"

"ನೀರನ್ನೂ ನಾನೇ ಎತ್ತಿದ್ದಲ್ವಾ ಸಾರ್?"

ಗುಮಾಸ್ತ ನಕ್ಕ. ಸರತಿಯಲ್ಲಿ ಹಿಂದೆ ನಿಂತವರೂ ನಕ್ಕರು. ಅವರೂ ತಮ್ಮ ಮೊದಲ ಸಂಬಳದ ದಿನ ಇದನ್ನೇ ಕೇಳಿದ್ದವರು.

ಹೆಂಡತಿಗೆ ಬರಬೇಡ ಎಂದು ಹೇಳಲು ಫೋನು ಮಾಡಿದ. ಅವಳು ಬಸ್‌ಸ್ಟ್ಯಾಂಡಿನಲ್ಲಿದ್ದಳು. ಮುಂದಿನ ಕೋಣೆಗೆ ಬಾಡಿಗೆಯವನ ಸಾಮಾನು ಬಂದಿಳಿದಿತ್ತು.

ಲಾಂಡ್ರಿಯ ಹಿಂದಿನ ಬೀದಿಯಲ್ಲಿ ಒಬ್ಬಾಕೆ ಮಂಚಗಳನ್ನು ಬಾಡಿಗೆಗೆ ಕೊಡುತ್ತಾಳೆ. ಒಂದು ಕೋಣೆಯಲ್ಲಿ ಆರು ಮಂಚ, ನಡುವೆ ಹಗ್ಗಕ್ಕೆ ಇಳಿಬಿಟ್ಟ ಹಳೆಯ ಸೀರೆ. ಒಂದು ಮಂಚಕ್ಕೆ ಒಂದು ಹೊತ್ತಿಗೆ ಒಂದೇ ತಲೆ, ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಮಲಗಿದರೆ ಎರಡು ಬಾಡಿಗೆ. ತಕ್ಕಡಿ ಮತ್ತೆ ಕೂಡಿದ, ಕಳೆದ. ಒಂದೇ ಬಾಡಿಗೆಗೆ ಹೊಂದುವ ದಾರಿ ಒಂದೇ ಇತ್ತು. ಅವನು ರಾತ್ರಿ ಪಾಳಿಗೆ ಹೋದ, ಅವಳು ಅದೇ ಲಾಂಡ್ರಿಯಲ್ಲಿ ಹಗಲು ಪಾಳಿಗೆ ಸೇರಿದಳು. ವಾರದ ರಜೆಯೂ ಇಬ್ಬರಿಗೂ ಒಂದೇ ದಿನ ಸಿಗಲಿಲ್ಲ. ಅಲ್ಲಿ ಶೀಟು ಮಡಿಸುವುದು ಮಿಷನ್ನು. ಅವಳ ಕೆಲಸ ಅದರ ಬಾಯಿಗೆ ಬಟ್ಟೆ ಕೊಡುವುದು.

ಹೋದ ತಿಂಗಳು ಬೆಳಿಗ್ಗೆ ಗೇಟಿನಲ್ಲಿ ಮೂಟೆ ಇಳಿಸುತ್ತಿದ್ದೆ. ಪಾಳಿ ಬಿಡುವ ಹೊತ್ತು. ತಕ್ಕಡಿ ಹೊರಗೆ ಬಂದ. ಅಂಗಿಯ ತೋಳು ಇನ್ನೂ ಒದ್ದೆ.

"ಬಂದರಿನ ಊರಲ್ಲಿ ಈಗ ಹೇಗೆ ಸಾಹುಕಾರ್ರೇ?"

"ಅಲ್ಲೂ ಕಿಲೋ ಲೆಕ್ಕ ಬಂತು."

"ಒಣಗಿದ್ದಾ?"

"ಒಣಗಿದ್ದೇ."

ಅವನು ಮುಂದೆ ರೂಮಿನ ಬಾಡಿಗೆ ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಕೇಳದೆ ಬಿಟ್ಟದ್ದು ಅದೇ ಮೊದಲು.

ಎದುರಿನಿಂದ ಹೆಂಡತಿ ಮಗಳ ಕೈ ಹಿಡಿದು ಬಂದಳು. "ಅನ್ನ ಮುಚ್ಚಿಟ್ಟಿದ್ದೀನಿ. ಇವಳಿಗೆ ರಾತ್ರಿಯೆಲ್ಲಾ ಕೆಮ್ಮು" ಎಂದಳು. "ಹೂಂ" ಎಂದ. ಒಳಗೆ ಗಂಟೆ ಹೊಡೆಯಿತು. ಅವಳು ಎರಡು ಹೆಜ್ಜೆ ಮುಂದೆ ಬಂದು ಮಗಳ ಕೈಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.